ಅನ್ನನಾಳಕ್ಕೆ ಬಂದ ಮನೆಅಳಿಯ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳಿಟ್ಟು ಹೋಗಿದ್ದಾರೆ. ನಮ್ಮ ಮನೆಯಲ್ಲಿ ಊಟ ಬಲ್ಲವರು ನನ್ನ ಗಂಡ, ಮಾತು ಬಲ್ಲವಳು ನಾನು. ಆದರೂ ರೋಗ ಬಂತು. ಜಗಳವಂತೂ ಮದುವೆಯಾದ ಮಾರನೆಯ ದಿನದಿಂದ ಇದ್ದೇ ಇದೆ. ಈ ಬಗ್ಗೆ ವಿಚಾರಿಸೋಣವೆಂದರೆ ಆ ಹಿರಿಯರು ಕೈಗೆ ಸಿಗುವುದಿಲ್ಲ.

ನನ್ನ ಗಂಡನದು ಐಸ್‌ಕ್ರೀಮ್ ಅಂಗಡಿ. ಮುಂದೆ ಗಾಜಿನ ಪೆಟ್ಟಿಗೆ ಮತ್ತು ನಾಲ್ಕಾರು ಮೇಜು. ಹಿಂದಿನ ಕೋಣೆಯಲ್ಲಿ ಹಾಲು ಕಾಯಿಸುವ ಒಲೆ, ಕಡೆಯುವ ಯಂತ್ರ, ಸೊಂಟದೆತ್ತರದ ಫ್ರೀಜರ್‌ಗಳು. ಬೀದಿಗೆಲ್ಲ ಅವರು ಐಸಣ್ಣ. ಆದರೆ ಅಂಗಡಿ ಹಾಕಿದವರು ಅವರಲ್ಲ, ನಮ್ಮ ಅತ್ತೆ. ಕಾಲು ನೋವೆಂದು ಯಂತ್ರವನ್ನು ಮಗನಿಗೆ ಒಪ್ಪಿಸಿ ಈಗ ಗಲ್ಲಾದ ಮುಂದೆ ಕೂತಿದ್ದಾರೆ. ಅಲ್ಲಿಂದಲೇ ಮಗನನ್ನೂ ಗಿರಾಕಿಗಳನ್ನೂ ಒಟ್ಟಿಗೆ ಗದರಿಸುತ್ತಾರೆ. ನಾನು ಕಾರು ಓಡಿಸುವುದನ್ನು ಕಲಿಸುವವಳು. ಕಲಿಯುವವರ ಪಕ್ಕದಲ್ಲಿ, ನನ್ನ ಕಾಲಬುಡದಲ್ಲೂ ಒಂದು ಬ್ರೇಕ್ ಇರುವ ಗಾಡಿಯಲ್ಲಿ ಕೂತು, ದಿನವಿಡೀ ಕೂಗುವುದು ನನ್ನ ಕಸುಬು. ಮನೆಗೆ ಬಂದ ಮೇಲೂ ನನ್ನ ದನಿ ಇಳಿಯುವುದಿಲ್ಲ ಎಂಬುದು ಗಂಡನ ಹಳೆಯ ದೂರು.

ಹೋದ ವರ್ಷ ಅವರ ಅನ್ನನಾಳದಲ್ಲಿ ಗೆಡ್ಡೆ ಕಾಣಿಸಿಕೊಂಡಿತು. ಕ್ಯಾನ್ಸರ್. ಕೀಮೋ ಕೊಟ್ಟರು, ರೇಡಿಯೇಶನ್ ಕೊಟ್ಟರು, ತಲೆಗೂದಲು ಹೋಯಿತು, ಮೀಸೆ ಹೋಯಿತು, ಕೊನೆಗೆ ಗೆಡ್ಡೆಯೂ ಹೋಯಿತು. ಅದು ಗೊತ್ತಾದ ದಿನ ನಾನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಪರಿಚಯವೇ ಇಲ್ಲದವರಿಗೆಲ್ಲ ಚಹಾ ಕುಡಿಸಿದೆ. ಆದರೆ ರೇಡಿಯೇಶನ್‌ನಿಂದ ಸುಟ್ಟ ಜಾಗ ಮಾಯುತ್ತ ಮಾಯುತ್ತ ಬಿಗಿದುಕೊಂಡು, ನಾಳದಲ್ಲಿ ಒಂದು ಪೆನ್ಸಿಲ್ ತೂರುವಷ್ಟೂ ದಾರಿ ಉಳಿಯಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಗೋಳಾಡುತ್ತಾರೆ. ಇವರಿಗೆ ಬಾಯಿಗೆ ಬಂದದ್ದು ಹೊಟ್ಟೆಗೆ ಹೋಗುತ್ತಿರಲಿಲ್ಲ. ತಟ್ಟೆ ಹಿಡಿದುಕೊಂಡು ಹಿತ್ತಲಿನ ನಲ್ಲಿಯ ಹತ್ತಿರ ಹೋಗಿ ಕೂತುಬಿಡುತ್ತಿದ್ದರು. ತಿಂದದ್ದು ವಾಪಸ್ ಬರುವುದನ್ನು ನಾವು ನೋಡಬಾರದು ಎಂದು. ಊರಿಗೆಲ್ಲ ಬಾಯಿ ಚಪ್ಪರಿಸುವಂತೆ ಮಾಡಿದ ಮನುಷ್ಯ ಗೋಡೆಗೆ ಮುಖ ಮಾಡಿ ಗಂಜಿ ಕುಡಿಯುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಅವರು ಮತ್ತೆ ಮೇಜಿಗೆ ಬಂದು ನಮ್ಮ ಜೊತೆ ಹೊಟ್ಟೆತುಂಬ ಉಣ್ಣಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ನಮ್ಮ ಡಾಕ್ಟರಮ್ಮ ನನ್ನ ಹಳೆಯ ಶಿಷ್ಯೆ. ಕಾರು ಕಲಿಯಲು ಬಂದಾಗ ನನ್ನ ಕೈಲಿ ಸಾಕಷ್ಟು ಬೈಸಿಕೊಂಡಿದ್ದಾರೆ. ರಿವರ್ಸ್ ಇವತ್ತಿಗೂ ಸರಿಯಾಗಿ ಬಾರದು. ಆದರೆ ಗಂಟಲಿನಿಂದ ಹೊಟ್ಟೆಯವರೆಗಿನ ದಾರಿ ಅವರಿಗೆ ಅಂಗೈರೇಖೆಯಷ್ಟು ಗೊತ್ತು. ನಾಲ್ಕಾರು ಸಲ ನಾಳವನ್ನು ಹಿಗ್ಗಿಸಿ ನೋಡಿದರು. ಅದು ಹಟಮಾರಿ, ಮತ್ತೆ ಮತ್ತೆ ಮುಚ್ಚಿಕೊಂಡಿತು. ಕೊನೆಗೆ ಅಂದರು:

"ಒಂದು ಸ್ಟೆಂಟ್ ಹಾಕೋಣ ಮೇಡಂ. ಲೋಹದ ಬಲೆಯಿಂದ ಮಾಡಿರೋ ಕೊಳವೆ, ಮೇಲೆ ತೆಳ್ಳಗೆ ಪೊರೆ. ಒಳಗೆ ಕೂತ್ಕೊಂಡು ದಾರಿ ಅಗಲ ಮಾಡಿ ಹಿಡ್ಕೊಂಡಿರುತ್ತೆ. ಖಾಯಂ ಅಲ್ಲ. ಎರಡು ತಿಂಗಳು ಅಲ್ಲಾಡದೆ ಕೂತ್ರೆ ನಾಳ ಹಾಗೇ ಮಾಯುತ್ತೆ, ಆಮೇಲೆ ತೆಗೆದುಬಿಡ್ತೀನಿ."

"ಅಲ್ಲಾಡಿದ್ರೆ?" ಎಂದೆ ನಾನು. ಕಸುಬಿನ ಬುದ್ಧಿ, ಮೊದಲು ಅಪಘಾತದ ಯೋಚನೆ.

"ಜಾರಬಹುದು. ಅದಕ್ಕೇ ನಾನು ಹೇಳಿದ್ದೆಲ್ಲ ಪಾಲಿಸ್ಬೇಕು."

ಹೇಳಿದ್ದು ಬಹಳವಿತ್ತು. ಅನ್ನವಾಗಲಿ ತರಕಾರಿಯಾಗಲಿ ನುಣ್ಣಗೆ ಕಿವುಚಿ ತಿನ್ನಬೇಕು. ಗಟ್ಟಿ ಪದಾರ್ಥ ಬೇಡ. ಊಟದ ನಡುವೆ ಬಿಸಿನೀರು ಕುಡಿಯಬೇಕು. ಉಂಡ ತಕ್ಷಣ ಮಲಗಬಾರದು. ಮಲಗುವಾಗಲೂ ತಲೆ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಹೊಟ್ಟೆಯ ಹುಳಿ ಎದೆಗೆ ಬರುತ್ತದೆ. ತಣ್ಣಗಿರುವುದನ್ನಂತೂ ತಿನ್ನಲೇಬಾರದು, ಕುಡಿಯಲೇಬಾರದು. ಅತ್ತೆ ಇದನ್ನೆಲ್ಲ ಕೇಳಿಸಿಕೊಂಡು, "ಮೆತ್ತಗಿರೋದೇ ಬಡಿಸ್ಬೇಕು, ಬಿಸಿಯಾಗೇ ಕೊಡ್ಬೇಕು, ಬೇಜಾರಾದ್ರೆ ಎದ್ದು ಹೋಗಿಬಿಡ್ತಾರೆ. ಇದು ಸ್ಟೆಂಟಲ್ಲ ಕಣೇ, ಮನೆಅಳಿಯ" ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ 'ಅಳಿಯಂದಿರು' ಎಂದೇ ಹೆಸರಾಯಿತು.

ಅಳಿಯಂದಿರು ಬಂದ ಮೊದಲ ಎರಡು ದಿನ ಎದೆ ಹಿಂಡಿದಂತೆ ನೋವು ಕೊಟ್ಟರು. ಆಮೇಲೆ ಹೊಂದಿಕೊಂಡರು. ಮಂಚದ ತಲೆಯ ಕಡೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿದೆವು. ಗಂಡ ಹಾಯಾಗಿ ನಿದ್ದೆ ಮಾಡಿದರು. ನಾನು ಮಾತ್ರ ಬೆಳಗಾಗುವುದರೊಳಗೆ ಜಾರಿ ಮಂಚದ ಕಾಲಿನ ಕಡೆ ಮುದುಡಿಕೊಂಡಿರುತ್ತಿದ್ದೆ. ಇರಲಿ, ಅವರು ನಲ್ಲಿಯ ಹತ್ತಿರದಿಂದ ಎದ್ದು ಮೇಜಿಗೆ ಬಂದಿದ್ದರು. ಔಷಧಿ ಕುಡಿದ ಹಾಗೆ ಗಡಿಯಾರ ನೋಡಿಕೊಂಡು ಉಣ್ಣುತ್ತಿದ್ದರು, ಆದರೆ ಉಣ್ಣುತ್ತಿದ್ದರು. ಮತ್ತೆ ಅಂಗಡಿಗೂ ಹೋಗತೊಡಗಿದರು.

ಅಂಗಡಿಗೆ ಹೋಗತೊಡಗಿದ ವಾರವೇ ಅಳಿಯಂದಿರು ಹೇಳದೆ ಕೇಳದೆ ಹೊರಟುಬಿಟ್ಟರು. ತುತ್ತು ಮತ್ತೆ ಎದೆಯಲ್ಲಿ ನಿಂತಿತು, ಬಿಕ್ಕಳಿಕೆ ಹಿಡಿಯಿತು. ಎಕ್ಸ್‌ರೇ ತೆಗೆದರೆ ಸ್ಟೆಂಟ್ ಜಾರಿ ಹೊಟ್ಟೆಯೊಳಗೆ ಆರಾಮಾಗಿ ಮಲಗಿತ್ತು. ಡಾಕ್ಟರಮ್ಮ ಬಾಯಿಂದ ಕ್ಯಾಮೆರಾ ನಳಿಕೆ ಇಳಿಸಿ ಅದನ್ನು ಎಳೆದು ತೆಗೆದು, ಇನ್ನೊಂದನ್ನು ಹಾಕಿದರು.

"ತಣ್ಣಗಿರೋದು ಏನಾದ್ರೂ ತಿಂದ್ರಾ?"

"ಇಲ್ಲ ಡಾಕ್ಟ್ರೇ."

"ಕುಡಿದ್ರಾ?"

"ಖಂಡಿತ ಇಲ್ಲ."

ನನ್ನ ಗಂಡನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಿದರೆ ಕಿವಿ ಕೆಂಪಾಗುತ್ತದೆ, ಪಕ್ಕದ ಬೀದಿಯವರಿಗೂ ಗೊತ್ತಾಗುತ್ತದೆ. ಅವತ್ತು ಕಿವಿ ತಮ್ಮ ಬಣ್ಣದಲ್ಲೇ ಇದ್ದವು.

ಎರಡನೆಯ ಅಳಿಯಂದಿರೂ, ಗಂಡ ಅಂಗಡಿಗೆ ಮರಳಿದ ಕೆಲವೇ ದಿನಗಳಲ್ಲಿ, ಅರ್ಧ ದಾರಿಗೆ ಇಳಿದರು. ಈ ಸಲ ನನ್ನ ಪಿತ್ತ ನೆತ್ತಿಗೇರಿತು. ಆಸ್ಪತ್ರೆಯ ಹಜಾರದಲ್ಲೇ ಶುರುಮಾಡಿದೆ.

"ಏನು ಮಾಲು ಹಾಕಿದ್ದೀರಿ ನೀವು? ನನ್ನ ಗಾಡಿ ಟೈರು ಇದಕ್ಕಿಂತ ಗಟ್ಟಿಯಾಗಿ ಕೂರುತ್ತೆ! ನಾವು ಹೇಳಿದ್ದೆಲ್ಲ ಪಾಲಿಸ್ತಿದೀವಿ. ಕಿವುಚಿ ಕಿವುಚಿ ಅತ್ತೆ ಕೈ ಸವೆದು ಹೋಯ್ತು!"

ಡಾಕ್ಟರಮ್ಮ ಸುಮ್ಮನೆ ಕೇಳಿಸಿಕೊಂಡರು. ನನ್ನ ಬೈಗುಳ ಅವರಿಗೆ ಹೊಸದಲ್ಲ. ಆಮೇಲೆ ನನ್ನನ್ನು ಬೆಂಚಿನ ಮೇಲೆ ಕೂರಿಸಿ ಮೆಲ್ಲಗೆ ಹೇಳಿದರು: "ಈಗ ಅದನ್ನೇ ಮೇಲಕ್ಕೆಳೆದು, ಅಂಚಿಗೆ ಒಂದು ಹೊಲಿಗೆ ಹಾಕಿ ನಿಲ್ಲಿಸ್ತೀನಿ. ಆದ್ರೆ ಮೇಡಂ, ಇದೇ ಕೊನೆ. ಪದೇಪದೇ ಜಾರಿದ್ರೆ ನಾಳಕ್ಕೇ ಗಾಯ ಆಗುತ್ತೆ. ಮತ್ತೆ ಜಾರಿದ್ರೆ ಹೊಟ್ಟೆಗೆ ನೇರವಾಗಿ ಒಂದು ಟ್ಯೂಬ್ ಹಾಕಿ, ಅದರಲ್ಲೇ ಆಹಾರ ಕೊಡ್ಬೇಕಾಗುತ್ತೆ."

"ಬಾಯಲ್ಲಿ?"

"ಬಾಯಲ್ಲಿ ಆಗಲ್ಲ."

ಹೊಟ್ಟೆಗೆ ಟ್ಯೂಬ್ ಹಾಕಿಸಿಕೊಂಡು ಚೆನ್ನಾಗಿ ಬದುಕುವವರು ಬೇಕಾದಷ್ಟು ಜನ ಇದ್ದಾರೆ, ಅದು ನನಗೆ ಗೊತ್ತು. ಆದರೆ ನನ್ನ ಗಂಡನ ಇಡೀ ಬಾಳು ಇರುವುದು ನಾಲಗೆಯ ಮೇಲೆ. ನನಗೆ ನಿಜವಾಗಿ ಭಯವಾಯಿತು.

ಹೊಲಿಗೆ ಹಾಕಿಸಿಕೊಂಡು ಬಂದು ಚೇತರಿಸಿಕೊಂಡ ಮೇಲೆ ಅವರು ಮತ್ತೆ ಅಂಗಡಿಗೆ ಹೊರಟರು. ಅವತ್ತು ನನ್ನ ತಲೆಗೆ ಹೊಳೆಯಿತು: ಮನೆಯಲ್ಲಿರುವಷ್ಟು ದಿನ ಅಳಿಯಂದಿರು ಜಾರುವುದಿಲ್ಲ, ಅಂಗಡಿಗೆ ಹೋದರೆ ಜಾರುತ್ತಾರೆ. ಭಾರದ ಡಬ್ಬಿ ಎತ್ತುತ್ತಾರೋ ಏನೋ ಎಂದು ಪಾಠಗಳನ್ನೆಲ್ಲ ರದ್ದು ಮಾಡಿ, ನಾನೂ ಹೋಗಿ ಹಿಂದಿನ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ.

ಡಬ್ಬಿ ಎತ್ತಲಿಲ್ಲ. ಪಾಪ, ಬಗ್ಗಲೂ ಇಲ್ಲ. ಯಂತ್ರದಿಂದ ಕಾಫಿ ಐಸ್‌ಕ್ರೀಮ್ ಇಳಿಯಿತು. ಏಪ್ರನ್ನಿನ ಜೇಬಿನಿಂದ ಉದ್ದ ಹಿಡಿಯ ಚಮಚ ತೆಗೆದರು, ಅದ್ದಿದರು, ಬಾಯಿಗಿಟ್ಟರು, ಕಣ್ಣು ಮುಚ್ಚಿ ನುಂಗಿದರು. ಪಕ್ಕದಲ್ಲಿದ್ದ ಐಸ್ ನೀರಿನ ಬಾಟಲಿ ಎತ್ತಿ ಗಟಗಟ ಎರಡು ಗುಟುಕು ಕುಡಿದರು. ಮುಂದಿನ ಡಬ್ಬಿ ಚಾಕೊಲೇಟು. ಮತ್ತೆ ಚಮಚ, ಮತ್ತೆ ಬಾಟಲಿ.

"ರೀ!"

ಮುಂದೆ ಕೂತಿದ್ದ ಗಿರಾಕಿಗಳ ಕೈಯಲ್ಲಿದ್ದ ಕಪ್ಪುಗಳು ಅಲ್ಲಾಡಿದವಂತೆ. ಗಂಡ ಬೆಚ್ಚಿ ನೋಡಿದರು.

"ಏನಾಯ್ತೇ?"

"ಏನು ತಿಂದ್ರಿ ಈಗ?"

"ನಾನಾ? ಏನೂ ತಿಂದಿಲ್ವಲ್ಲ."

"ನನ್ನ ಕಣ್ಣೆದುರಿಗೇ ಚಮಚ ಬಾಯಿಗಿಟ್ರಲ್ರೀ!"

"ಓ, ಅದಾ? ರುಚಿ ನೋಡ್ದೆ."

"ಐಸ್‌ಕ್ರೀಮ್ ತಿಂದ್ರಿ!"

"ತಿಂದಿಲ್ಲ ತಾಯಿ, ರುಚಿ ನೋಡ್ದೆ ಅಂತಿದೀನಲ್ಲ."

ಕಿವಿ ನೋಡಿದೆ. ಕೆಂಪಾಗಿರಲಿಲ್ಲ. ಅಷ್ಟರಲ್ಲಿ ಗಲ್ಲಾದಿಂದ ಅತ್ತೆಯ ದನಿ ಬಂತು: "ಯಾಕೆ ಅವನ ಮೇಲೆ ಹಾರಾಡ್ತೀಯೇ? ರುಚಿ ನೋಡೋದು ತಿಂದ ಲೆಕ್ಕಕ್ಕೆ ಬರುತ್ತಾ? ನಾನು ಅಂಗಡಿ ಹಾಕಿದ ದಿನವೇ ಮಾಡಿದ ಕಾನೂನು ಅದು. ಕೆಲಸದವರು ಮಾಲು ತಿನ್ನೋ ಹಾಗಿಲ್ಲ, ಆದ್ರೆ ಇಳಿದ ಪ್ರತಿ ಡಬ್ಬಿಯ ರುಚಿ ನೋಡ್ಲೇಬೇಕು. ಇವನು ಚಿಕ್ಕವನಿದ್ದಾಗ 'ಅಮ್ಮಾ, ನಾನು ತಿಂದಿಲ್ಲ, ರುಚಿ ನೋಡ್ದೆ' ಅಂತಲೇ ಮಾತು ಕಲ್ತಿದ್ದು."

ಗಿರಾಕಿಗಳೂ ಪಂಚಾಯಿತಿಗೆ ಸೇರಿದರು. ದಿನವೂ ಬಂದು ವೆನಿಲಾ ತಿನ್ನುವ ನಿವೃತ್ತ ನ್ಯಾಯಾಧೀಶರು ಕರವಸ್ತ್ರದಲ್ಲಿ ಬಾಯೊರೆಸಿಕೊಂಡು, "ಅಂಗಡಿಯ ಕಾನೂನಿನ ಪ್ರಕಾರ ಐಸಣ್ಣ ನಿರಪರಾಧಿ" ಎಂದು ತೀರ್ಪು ಕೊಟ್ಟರು. ಮತ್ತೆ ಸ್ವಲ್ಪ ಯೋಚಿಸಿ, "ಆದ್ರೆ ಈ ಕಾನೂನು ಅನ್ನನಾಳಕ್ಕೆ ಗೊತ್ತಿದೆಯೋ ಇಲ್ವೋ, ಅದು ನನ್ನ ವ್ಯಾಪ್ತಿಗೆ ಬರಲ್ಲ" ಎಂದರು.

ನನ್ನ ಗಂಡನ ಮುಖ ನಿಧಾನವಾಗಿ ಬಿಳಿಚಿಕೊಂಡಿತು. ಮೊದಲ ಸಲ ಅವರಿಗೂ ಅರ್ಥವಾಗಿತ್ತು. ನಾನು ಡಾಕ್ಟರಮ್ಮನಿಗೆ ಫೋನ್ ಮಾಡಿ ಅವರ ಕೈಗೆ ಕೊಟ್ಟೆ. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದ್ದೆ.

"ದಿನಕ್ಕೆ ಎಷ್ಟು ಚಮಚ ಆಗುತ್ತೆ?"

"ಹತ್ತು ಹದಿನೈದು ಇರಬಹುದು ಡಾಕ್ಟ್ರೇ."

"ಪ್ರತಿ ಸಲ ಐಸ್ ನೀರು?"

"ಅದು ಕುಡಿಯೋಕಲ್ಲ. ನಾಲಗೆ ತೊಳೆಯೋಕೆ."

"ತೊಳೆದು ಉಗುಳ್ತೀರಾ?"

"ಛೆ, ಮಾಲಿನ ಮುಂದೆ ನಿಂತು ಉಗುಳ್ತಾರಾ? ನುಂಗ್ತೀನಿ."

ಆ ಕಡೆ ಡಾಕ್ಟರಮ್ಮ ನಕ್ಕರು, ನಗು ಮುಗಿಸಿ ವಿವರಿಸಿದರು. ಆ ಲೋಹ ಮೈಯ ಶಾಖಕ್ಕೆ ಅರಳಿಕೊಂಡು ನಾಳವನ್ನು ಒತ್ತಿ ಹಿಡಿದಿರುತ್ತದೆ. ಮೇಲಿಂದ ಮೇಲೆ ತಣ್ಣಗಿನದು ಹರಿದರೆ ಮೆತ್ತಗಾಗಿ ಕುಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಮೇಲಿನ ಪೊರೆಯೂ ನುಣುಪು. ಜಾರಿದ್ದು ಇದರಿಂದಲೇ ಎಂದು ಬರೆದುಕೊಡಲಾರೆ, ಆದರೆ ಇನ್ನು ಒಂದು ಚಮಚವೂ ಬೇಡ ಎಂದರು.

ಫೋನ್ ಇಟ್ಟ ಮೇಲೆ ಗಂಡ ಬೋರಲು ಹಾಕಿದ್ದ ಹಾಲಿನ ಕ್ಯಾನಿನ ಮೇಲೆ ಕೂತರು.

"ನಾನು ಸುಳ್ಳು ಹೇಳಿರ್ಲಿಲ್ಲ ಕಣೇ."

"ಗೊತ್ತು."

"ಬಾಯಿಗೆ ಹಾಕ್ಕೊಂಡಿದ್ದೇ ನನಗೆ ಗೊತ್ತಾಗ್ತಿರ್ಲಿಲ್ಲ."

ಬೈಯಲು ನನ್ನ ಹತ್ತಿರ ಬೇಕಾದಷ್ಟು ಮಾತಿತ್ತು. ಆದರೆ ಅವರ ಮುಖ ನೋಡಿ ಜೇಬಿನಿಂದ ಚಮಚ ಮಾತ್ರ ಕಿತ್ತುಕೊಂಡೆ.

ಈಗ ಅಂಗಡಿಗೆ ಬೇರೆ ನಾಲಗೆ ಬೇಕಾಯಿತು. ಅತ್ತೆಗೆ ಸಕ್ಕರೆ ಕಾಯಿಲೆ. ನ್ಯಾಯಾಧೀಶರು ತಾವಾಗಿ ಮುಂದೆ ಬಂದರು. ಆದರೆ ವೆನಿಲಾ ಬಿಟ್ಟರೆ ಉಳಿದದ್ದೆಲ್ಲ ಅವರ ಪ್ರಕಾರ ಅಪರಾಧ. ಉಳಿದವಳು ನಾನು. ನನಗೋ ಸಿಹಿ ಸೇರದು, ತಣ್ಣಗಿನದು ಬಾಯಿಗಿಟ್ಟರೆ ಹಲ್ಲು ಜುಮ್ಮೆನ್ನುತ್ತದೆ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು ನಮ್ಮ ಸಂಸಾರ.

"ಹೇಗಿದೆ?" ಎಂದರು ಗಂಡ, ಮೊದಲ ದಿನ.

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ?"

"ತಣ್ಣಗಿದೆ."

"ಐಸ್‌ಕ್ರೀಮ್ ಮತ್ತೇನು ಕುದೀತಿರುತ್ತಾ? ನಾಲಗೆಗೆ ಮೊದಲು ಏನು ತಾಗಿತು, ಹೋಗೋವಾಗ ಏನು ಬಿಟ್ಟುಹೋಯ್ತು, ಅದು ಹೇಳು."

"ಹಲ್ಲು ನೋವು ಬಿಟ್ಟುಹೋಯ್ತು."

"ಗುಳಕ್ ಅಂತ ನುಂಗಿದ್ರೆ ಇನ್ನೇನಾಗುತ್ತೆ? ಕರಗೋಕೆ ಬಿಡು! ಕಣ್ಣು ಮುಚ್ಚು! ಆತುರ ಯಾಕೆ ನಿನಗೆ? ಅಲ್ಲಿ ನೋಡ್ಬೇಡ, ಇಲ್ಲಿ ಗಮನ ಕೊಡು!"

ನಮ್ಮ ಮದುವೆಯಾದಂದಿನಿಂದ ಎಷ್ಟೇ ಜಗಳವಾದರೂ ಈ ಮನುಷ್ಯ ನನ್ನ ಮೇಲೆ ದನಿ ಎತ್ತಿರಲಿಲ್ಲ. ಈಗ ನಾನು ಚಮಚ ಹಿಡಿದು ನಿಂತಿದ್ದೆ, ಅವರು ಪಕ್ಕದಲ್ಲಿ ನಿಂತು ಕೂಗುತ್ತಿದ್ದರು. ಕಲಿಯುವವರ ಕಷ್ಟ ಆಗ ಗೊತ್ತಾಯಿತು. ಮರುದಿನ ನನ್ನ ವಿದ್ಯಾರ್ಥಿಯೊಬ್ಬಳು ಗೇರು ತಪ್ಪಿಸಿದಾಗ ನಾನು ಸುಮ್ಮನಿದ್ದುದನ್ನು ನೋಡಿ ಅವಳು ಗಾಡಿ ನಿಲ್ಲಿಸಿ, "ಮೇಡಂ, ಹುಷಾರಿದ್ದೀರಾ?" ಎಂದು ಕೇಳಿದಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವರು ಕಟ್ಟಿದ ಹೆಸರನ್ನು ನಾನು ಮೊದಲ ವಾರದಲ್ಲೇ ಒಡೆದುಹಾಕುವವಳಿದ್ದೆ. ಸಕ್ಕರೆ ಎರಡು ಸಲ ಬಿದ್ದ ಡಬ್ಬಿಯನ್ನು 'ಪರವಾಗಿಲ್ಲ' ಎಂದು ಮುಂದೆ ಕಳಿಸಿದ್ದೆ. ಮಕ್ಕಳು ಮೆಚ್ಚಿದರು, ದೊಡ್ಡವರು ನೀರು ಕೇಳಿದರು. ಆದರೂ ದಿನ ಕಳೆದಂತೆ ಏನೋ ಹತ್ತಿತು. ತಣ್ಣಗಿರುವಾಗ ಸಿಹಿ ಅಡಗಿಕೊಂಡಿರುತ್ತದೆ, ಕರಗುತ್ತ ಬಂದಂತೆ ಮುಖ ತೋರಿಸುತ್ತದೆ. ಹಾಲು ಹೆಚ್ಚು ಕಾದಿದ್ದರೆ ಗಂಟಲಿನ ಹತ್ತಿರ ಗೊತ್ತಾಗುತ್ತದೆ. ಇದನ್ನೆಲ್ಲ ನಾನು ಹೇಳುತ್ತಿದ್ದರೆ ಅವರು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತ, ಬರಿ ಬಾಯಲ್ಲಿ ನಾಲಗೆ ಆಡಿಸುತ್ತಿದ್ದರು.

ಒಂದು ಮಧ್ಯಾಹ್ನ ಮಾವಿನ ಡಬ್ಬಿ ಇಳಿಯಿತು. ಬಾಯಿಗಿಟ್ಟೆ. "ಏನೋ ಕಡಿಮೆಯಾಗಿದೆ. ಏನಂತ ಗೊತ್ತಾಗ್ತಿಲ್ಲ" ಎಂದೆ.

"ಹುಳಿಯಾ?"

"ಅಲ್ಲ."

"ಸಿಹಿಯಾ?"

"ಸಿಹಿ ಇದೆ. ಆದ್ರೆ ಪೆಚ್ಚಾಗಿದೆ. ಮಾತಾಡ್ತಾ ಇಲ್ಲ."

ಮುಂದೆ ಗಿರಾಕಿಗಳು ಕಾಯುತ್ತಿದ್ದರು. ಗಂಡ ತಡೆಯಲಾರದೆ ನನ್ನ ಕೈಯಿಂದ ಚಮಚ ತೆಗೆದುಕೊಂಡು, ಡಬ್ಬಿಗೆ ಅದ್ದಿ, ತುಟಿಯವರೆಗೂ ತಂದರು. ನನ್ನ ಬಲಗಾಲು ನೆಲವನ್ನು ಒತ್ತಿತು. ಅಲ್ಲಿ ಯಾವ ಬ್ರೇಕೂ ಇರಲಿಲ್ಲ. ಅವರು ಹಾಗೇ ನಿಂತರು, ಮೂಗಿನ ಹತ್ತಿರ ಹಿಡಿದು ಒಮ್ಮೆ ವಾಸನೆ ನೋಡಿದರು, ಚಮಚವನ್ನು ನನ್ನ ಬಾಯಿಗೇ ಇಟ್ಟರು.

"ಪೆಚ್ಚಾಗಿದೆ ಅಂದ್ಯಲ್ಲ. ಉಪ್ಪು ಕಣೇ. ಚಿಟಿಕೆ ಉಪ್ಪು ಹಾಕೋದು ಮರೆತಿದೀನಿ."

ಉಪ್ಪು ಬಿದ್ದ ಮೇಲೆ ಮಾವು ಬಾಯ್ತುಂಬ ಮಾತಾಡಿತು. ಅವತ್ತು ನನಗೆ ಗಂಡನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಗಿರಾಕಿಗಳ ಮುಂದೆಯೇ ಅವರ ಬೆವರೊರೆಸಿದೆ. ಅತ್ತೆ ಗಲ್ಲಾದಿಂದ, "ಸಾಕು ಸಾಕು, ಐಸ್‌ಕ್ರೀಮ್ ಕರಗೋಗುತ್ತೆ" ಎಂದರು.

ಹೀಗೆ ದಿನಗಳು ಉರುಳಿ, ಡಾಕ್ಟರಮ್ಮ ಹೇಳಿದ್ದ ಎರಡು ತಿಂಗಳು ಮುಗಿಯುತ್ತ ಬಂತು. ಅಳಿಯಂದಿರನ್ನು ಬೀಳ್ಕೊಡಲು ಇನ್ನೊಂದೇ ವಾರವಿತ್ತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಗಂಡ ತಿಂಡಿಯ ಮೊದಲ ತುತ್ತಿಗೇ ಎದೆ ಹಿಡಿದುಕೊಂಡು ಎದ್ದರು. ಬಿಸಿನೀರು ಕೊಟ್ಟೆ, ಇಳಿಯಲಿಲ್ಲ. ಸೋಡಾ ಕೊಟ್ಟೆ, ಅದೂ ವಾಪಸ್ ಬಂತು. ಎಂಜಲು ನುಂಗಲೂ ಆಗದೆ ಬಟ್ಟಲು ಹಿಡಿದು ಕೂತರು.

"ಅಳಿಯಂದಿರು ಮತ್ತೆ ಜಾರಿದ್ರೇನೇ?" ಎಂದರು ಅತ್ತೆ.

ನಾನು ಗಂಡನ ಎದುರಿಗೆ ಕೂತೆ. "ನಿಜ ಹೇಳಿ. ಚಮಚ ಬಾಯಿಗಿಟ್ರಾ?"

"ಇಲ್ಲ."

"ಒಂದು ಸಲಾನೂ?"

"ಒಂದು ಸಲಾನೂ ಇಲ್ಲ ಕಣೇ. ಐಸ್ ನೀರಿನ ಬಾಟಲಿ ಎಲ್ಲಿದೆ ಅಂತಾನೂ ಗೊತ್ತಿಲ್ಲ. ನಂಬು."

ಕಿವಿ ನೋಡಲು ಹೋಗಲಿಲ್ಲ. ನಂಬಿದೆ. ಮಾವಿನ ಡಬ್ಬಿಯ ಮುಂದೆ ನಿಂತಿದ್ದವರನ್ನು ಕಣ್ಣಾರೆ ಕಂಡವಳು ನಾನು. ಆದರೆ ನಂಬಿದ್ದರಿಂದ ಭಯ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಹೇಳಿದ್ದೆಲ್ಲ ಪಾಲಿಸಿದ ಮೇಲೂ ಜಾರಿದ್ದರೆ ಇನ್ನು ಮಾಡುವುದಕ್ಕೆ ಏನಿತ್ತು?

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅದೇ ಪ್ರಶ್ನೆ ಕೇಳಿದರು. ಗಂಡ ಬಾಯಿ ತೆರೆಯುವ ಮೊದಲೇ ನಾನು, "ತಿಂದಿಲ್ಲ, ಕುಡಿದಿಲ್ಲ, ರುಚಿಯೂ ನೋಡಿಲ್ಲ. ಅದಕ್ಕೆ ನಾನು ಜವಾಬ್ದಾರಿ" ಎಂದೆ. ಎಕ್ಸ್‌ರೇ ತೆಗೆದರು. ಡಾಕ್ಟರಮ್ಮ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಜಾರಿಲ್ಲ ಮೇಡಂ. ಕೂರಿಸಿದ ಜಾಗದಲ್ಲೇ ಕೂತಿದೆ."

ನಾನು ಚಿತ್ರ ಕಿತ್ತುಕೊಂಡು, ಏನೂ ಅರ್ಥವಾಗದಿದ್ದರೂ ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ.

"ಒಳಗೆ ಏನೋ ಸಿಕ್ಕಿಕೊಂಡಿದೆ. ನಳಿಕೆ ಇಳಿಸಿ ತೆಗೀತೀನಿ. ಹೇಗೂ ಮುಂದಿನ ವಾರ ಸ್ಟೆಂಟ್ ತೆಗೀಬೇಕಿತ್ತು. ನಾಳ ಚೆನ್ನಾಗಿ ಮಾಯ್ದಿದ್ರೆ ಇವತ್ತೇ ತೆಗೆದುಬಿಡ್ಲಾ?"

ನಾವಿಬ್ಬರೂ ಒಪ್ಪಿದೆವು. ಅವರನ್ನು ಒಳಗೆ ಕರೆದುಕೊಂಡು ಹೋದರು, ನಾನು ಹಜಾರದಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದೆ. ಡಾಕ್ಟರಮ್ಮ ಹೊರಗೆ ಬಂದಾಗ ಅವರ ಕೈಯಲ್ಲಿ ಒಂದು ಸ್ಟೀಲ್ ತಟ್ಟೆಯಿತ್ತು. ಅದರಲ್ಲಿ ಪೆಚ್ಚಾಗಿ ಮಲಗಿದ ಅಳಿಯಂದಿರು, ಅವರ ಪಕ್ಕದಲ್ಲಿ ಮೂರು ಬಾದಾಮಿ ಚೂರು.

"ಬಾದಾಮಿ?" ಎಂದೆ.

"ಬಾದಾಮಿ. ಹುರಿದದ್ದು."

ಮಂಪರು ಇಳಿದು ಮಂಚದ ಮೇಲೆ ಒರಗಿಕೊಂಡಿದ್ದ ಗಂಡನ ಮುಂದೆ ತಟ್ಟೆ ಹಿಡಿದೆ. ಅವರು ನೋಡಿದರು, ಮೆಲ್ಲಗೆ ನೆನಪಾಯಿತು.

"ಮೇಲೆ ಉದುರಿಸೋಕೆ ನಿನ್ನೆ ಹುರಿದಿದ್ನಲ್ಲ. ಗರಿಗರಿ ಆಗಿದೆಯಾ ಅಂತ ನೋಡ್ದೆ."

"ನೋಡಿದ್ರಾ?"

"ಬಿಸಿಯಾಗಿತ್ತು ಕಣೇ! ತಣ್ಣಗಿರೋದು ಬೇಡ ಅಂದಿದ್ರಲ್ಲ!"

"ಚಾಪೆ ಕೆಳಗೆ ತೂರಬೇಡಿ ಅಂದ್ರೆ ರಂಗೋಲಿ ಕೆಳಗೆ ತೂರ್ತೀರಲ್ರೀ ನೀವು!"

ದೊಡ್ಡ ದನಿಯಲ್ಲೇ ಹೇಳಿರಬೇಕು. ಅಕ್ಕಪಕ್ಕದ ರೋಗಿಗಳು ದಿಂಬಿನಿಂದ ತಲೆ ಎತ್ತಿದರು, ನರ್ಸ್ ಓಡಿಬಂದಳು. ಡಾಕ್ಟರಮ್ಮ ನಗುತ್ತಲೇ, ನಾಳ ಚೆನ್ನಾಗಿ ಮಾಯ್ದಿದೆ, ಆದರೆ ಕೊಳವೆ ಇಲ್ಲದೆ ತೆರೆದೇ ಇರುತ್ತದೋ ಮತ್ತೆ ಬಿಗಿಯುತ್ತದೋ ಕೆಲವು ವಾರ ಕಾದು ನೋಡಬೇಕು ಎಂದರು. ಬಿಗಿದರೆ ಮತ್ತೆ ಅದೇ ಟ್ಯೂಬಿನ ಮಾತು ಎಂಬುದನ್ನು ಅವರು ಹೇಳಲಿಲ್ಲ, ನಾವು ಕೇಳಲೂ ಇಲ್ಲ.

ಆ ವಾರಗಳು ಎಷ್ಟು ಉದ್ದವಿದ್ದವೋ! ಅವರು ಒಂದೊಂದು ತುತ್ತು ನುಂಗುವಾಗಲೂ ಅತ್ತೆ ಮತ್ತು ನಾನು ಅವರ ಗಂಟಲನ್ನೇ ನೋಡುತ್ತ ಕೂರುತ್ತಿದ್ದೆವು. ಅವರು ಉಂಡು ಮುಗಿಸುವವರೆಗೆ ನಮ್ಮ ಅನ್ನ ತಟ್ಟೆಯಲ್ಲೇ ಆರುತ್ತಿತ್ತು. ಅವರಂತೂ ಪರೀಕ್ಷೆ ಬರೆಯುವವರ ಹಾಗೆ ಉಣ್ಣುತ್ತಿದ್ದರು. ತುತ್ತು, ನೀರು, ಸ್ವಲ್ಪ ಹೊತ್ತು ಕಾಯುವುದು, ಮತ್ತೆ ತುತ್ತು. ಗಂಜಿಯಿಂದ ಮೆತ್ತನೆ ಅನ್ನಕ್ಕೆ ಬಂದರು, ಅನ್ನದಿಂದ ಬೇಯಿಸಿದ ತರಕಾರಿಗೆ. ಬಡಿಸಿದ್ದನ್ನು ತಿನ್ನುತ್ತಿದ್ದರು, ಬಡಿಸದಿದ್ದರೆ ಕೇಳುತ್ತಿರಲಿಲ್ಲ. ನಾವು ತಟ್ಟೆ ಇಡುವುದನ್ನು ಮರೆತಿದ್ದರೆ ಅವರೂ ಮರೆತುಬಿಡುತ್ತಿದ್ದರೋ ಏನೋ.

ಕೊನೆಯ ತಪಾಸಣೆಯ ದಿನ ಡಾಕ್ಟರಮ್ಮ ನಳಿಕೆ ಇಳಿಸಿ ನೋಡಿ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡರು. "ದಾರಿ ಪೂರ್ತಿ ತೆರೆದಿದೆ ಮೇಡಂ. ಇನ್ನು ಟ್ಯೂಬೂ ಬೇಡ, ಸ್ಟೆಂಟೂ ಬೇಡ. ಆಗಾಗ ಬಂದು ತೋರಿಸಿದ್ರೆ ಸಾಕು. ಏನು ಬೇಕಾದ್ರೂ ತಿನ್ನಲಿ, ಅಗಿದು ತಿನ್ನಲಿ." ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಅವರಿಗೆ ರಿವರ್ಸ್ ಮತ್ತೊಮ್ಮೆ ಕಲಿಸಿಕೊಡುತ್ತೇನೆ ಎಂದೆನಂತೆ.

ಗಂಡನನ್ನು ಗಾಡಿಯಲ್ಲಿ ಕೂರಿಸಿಕೊಂಡು ಮನೆಗೆ ಹೊರಟೆ. ಇಷ್ಟು ದಿನ ಹೊತ್ತುಕೊಂಡಿದ್ದದ್ದನ್ನು ಇಳಿಸಿಬಿಟ್ಟ ಮೇಲೆ ಕೈ ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ದೊಡ್ಡ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು, ನಿಲ್ಲಿಸಿದೆ. ಅವರು ಕಿಟಕಿಯ ಆಚೆ ನೋಡುತ್ತಿದ್ದರು. ರಸ್ತೆ ಬದಿಯ ಹೋಟೆಲಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು.

"ಲೇ" ಎಂದರು.

"ಏನ್ರೀ? ಎದೆ ನೋಯ್ತಿದೆಯಾ?"

"ಇಲ್ಲ." ತಮಗೇ ಅನುಮಾನವೆಂಬಂತೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೋಡಿಕೊಂಡರು. "ಹಸಿವಾಗ್ತಿದೆ ಕಣೇ."

ಒಂದು ವರ್ಷದಿಂದ ನನ್ನ ಗಂಡನ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ನೋವು ಅಂದಿದ್ದರು, ಸಂಕಟ ಅಂದಿದ್ದರು, ಸಾಕು ಅಂದಿದ್ದರು, ಬೇಡ ಅಂದಿದ್ದರು. ಹಸಿವು ಎಂದು ಒಮ್ಮೆಯೂ ಅಂದಿರಲಿಲ್ಲ. ನಾನು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಜೋರಾಗಿ ಅತ್ತುಬಿಟ್ಟೆ. ಅಳುತ್ತಲೇ ನಗು ಬಂತು, ನಗುತ್ತಲೇ ಇನ್ನಷ್ಟು ಅಳು ಬಂತು. ದೀಪ ಹಸಿರಾಯಿತು. ಕ್ಲಚ್ಚಿನಿಂದ ಕಾಲು ತೆಗೆದುಬಿಟ್ಟಿರಬೇಕು, ಗಾಡಿ ಎಗರಿ ಬಿದ್ದು ಆಫ್ ಆಯಿತು. ಹಿಂದಿನಿಂದ ಹತ್ತು ಹಾರ್ನ್ ಒಟ್ಟಿಗೆ ಬಡಿದುಕೊಂಡವು.

"ಡ್ರೈವಿಂಗ್ ಬರಲ್ವೇನ್ರೀ?" ಎಂದು ಯಾರೋ ಕೂಗಿದರು.

"ಬರಲ್ಲ ಕಣಯ್ಯಾ, ಬರಲ್ಲ!" ಎಂದು ನಾನೂ ಕೂಗಿದೆ.

"ಅಳೋದು ಆಮೇಲೆ ಅಳುವೆಯಂತೆ" ಎಂದು ಗಂಡ ನನ್ನ ಭುಜ ಅಲ್ಲಾಡಿಸಿದರು. "ಬೇಗ ಮನೆಗೆ ನಡಿ. ತಡೆಯೋಕಾಗ್ತಿಲ್ಲ."